ಬೀಗದಂಗಡಿಯವನ ಕಾರು

ಕೀ ಅವಳ ಕೈಯಲ್ಲೇ ಇತ್ತು. ಕಾರು ಮಾತ್ರ ಕೀ ಇಲ್ಲ ಅಂತಲೇ ಹಟ ಹಿಡಿದಿತ್ತು.

ಸೊಸೆ ಮತ್ತೊಮ್ಮೆ ಬ್ರೇಕ್ ತುಳಿದು ಗುಂಡಿ ಒತ್ತಿದಳು. ಸ್ಟೇರಿಂಗಿನ ಹಿಂದಿನ ಗಾಜಿನ ಮೇಲೆ ಹಳದಿ ಅಕ್ಷರ ಮೂಡಿತು: ‘ಕೀ ಸಿಗುತ್ತಿಲ್ಲ.’ ಈ ಕಾರಿಗೆ ಕೀ ತೂರಿಸಿ ತಿರುಗಿಸುವ ತೂತು ಅನ್ನುವುದೇ ಇಲ್ಲ. ಕೀ ಕಿಸೆಯಲ್ಲೋ ಚೀಲದಲ್ಲೋ ಇದ್ದರೆ ಸಾಕು, ಕಾರು ತಾನಾಗಿ ಗುರುತು ಹಿಡಿಯಬೇಕು, ಗುಂಡಿ ಒತ್ತಿದ ಕೂಡಲೇ ಸ್ಟಾರ್ಟ್ ಆಗಬೇಕು. ಕೊಂಡ ದಿನದಿಂದ ಹಾಗೇ ಆಗುತ್ತಿತ್ತು ಕೂಡ.

"ಅಯ್ಯೋ ಮಹಾರಾಯ, ಇದೇನು ನೋಡು! ಕಣ್ಣಿಲ್ವಾ ನಿಂಗೆ?" ಎಂದು ಕೀಯನ್ನು ಆ ಗಾಜಿನ ಮುಂದೆ ಹಿಡಿದು ಅಲ್ಲಾಡಿಸಿದಳು. ಕಾರಿಗೆ ಕಣ್ಣೂ ಇಲ್ಲ, ನಾಚಿಕೆಯೂ ಇಲ್ಲ. ‘ಕೀ ಸಿಗುತ್ತಿಲ್ಲ.’

ಹಿಂದಿನ ಸೀಟಿನ ತುಂಬ ಅವಳೇ ಹೊಲಿದ ಪರದೆಗಳಿದ್ದವು, ಪೇಟೆಯ ಲಾಡ್ಜಿಗೆ ಕೊಡಬೇಕಾದವು. ಪರದೆ ನಾಳೆ ಕೊಟ್ಟರೂ ಲಾಡ್ಜೇನು ಬಾಗಿಲು ಮುಚ್ಚುವುದಿಲ್ಲ. ಅವಳ ಎದೆ ಧಸಕ್ಕೆಂದದ್ದು ಬೇರೆ ಕಾರಣಕ್ಕೆ. ಈ ಕಾರು ಬಂದಿದ್ದು ಪರದೆ ಸಾಗಿಸಲಿಕ್ಕಲ್ಲ, ಮಾವನಿಗೋಸ್ಕರ.

ಕಳೆದ ಚಳಿಗಾಲದಲ್ಲಿ ಮಾವನಿಗೆ ಎದೆನೋವು ಬಂತು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಬಂತು, ಬಂತು, ಎನ್ನುತ್ತಲೇ ಇದ್ದರು. ಜಗಲಿಯ ಮೇಲೆ ಮಲಗಿಸಿಕೊಂಡು, ಅವರ ತುಟಿ ನೀಲಿಗಟ್ಟುವುದನ್ನು ನೋಡುತ್ತ ಅತ್ತೆ ಒಂದು ಕೈ ಹಿಡಿದಿದ್ದರು, ಸೊಸೆ ಇನ್ನೊಂದು. ಹೇಗೋ ಉಳಿದುಕೊಂಡರು. ಡಾಕ್ಟರು ಮಾತ್ರ ಮುಲಾಜಿಲ್ಲದೆ ಹೇಳಿದ್ದರು: "ಈ ಸಲ ನಿಮ್ಮ ಅದೃಷ್ಟ. ಇನ್ನೊಂದು ಸಲ ಬಂದ್ರೆ ಹಾಗೇ ಎತ್ತಾಕ್ಕೊಂಡು ಓಡಿ ಬನ್ನಿ. ತಡ ಆದ್ರೆ ನಮ್ಮ ಕೈಲೂ ಏನಿಲ್ಲ."

ಅದಕ್ಕೇ ಕಾರು. ಗಂಡ ಬೆಳಗಿಂದ ಸಂಜೆವರೆಗೆ ಅಂಗಡಿಯಲ್ಲಿರುವವನು, ಹಾಗಾಗಿ ಓಡಿಸಲು ಕಲಿತವಳು ಸೊಸೆ. ಮಾವನ ಕೋಣೆಯ ಕಿಟಕಿಗೆ ಎದುರಾಗಿ, ಅಂಗಳದಲ್ಲಿ, ಬಾನೆಟ್ಟು ಗೇಟಿನ ಕಡೆ ಮಾಡಿ ನಿಲ್ಲಿಸಬೇಕೆಂಬುದು ಮನೆಯ ಕಾಯಿದೆ.

ಬೆವರು ಒರೆಸಿಕೊಂಡು ಒಳಗೆ ಬಂದಳು. ಮಾವ ಮಂಚದ ಮೇಲೆ ಎದ್ದು ಕೂತಿದ್ದರು.

"ಯಾಕಮ್ಮ, ಹೋಗ್ಲಿಲ್ವಾ?"

"ಕಾರು ಸ್ಟಾರ್ಟ್ ಆಗ್ತಿಲ್ಲ ಮಾವ." ಅವರಿಗೆ ಕಿವಿ ಸ್ವಲ್ಪ ದೂರ. ಇನ್ನೊಮ್ಮೆ ಕೂಗಿ ಹೇಳಿದಳು.

"ಇರ್ಲಿ ಬಿಡು, ನಾಳೆ ಹೋದ್ರಾಯ್ತು," ಅಂದರು ಮಾವ. "ನಮ್ಮ ಬಸ್ಸುಗಳು ಸ್ಟಾರ್ಟ್ ಆಗ್ದಿದ್ರೆ ಪ್ಯಾಸೆಂಜರನ್ನೆಲ್ಲ ಇಳಿಸಿ ತಳ್ಳಿಸ್ತಿದ್ದೆ. ಟಿಕೆಟ್ ದುಡ್ಡೂ ವಾಪಸ್ ಕೊಡ್ತಿರ್ಲಿಲ್ಲ." ಮಾವ ನಿವೃತ್ತ ಬಸ್ ಕಂಡಕ್ಟರು.

ಪರದೆಗಳನ್ನು ಇಳಿಸಿಕೊಳ್ಳೋಣ ಎಂದು ಅವಳು ಹೊರಗೆ ಹೋದಳು. ಹೋದವಳು ಸುಮ್ಮನೆ ಒಮ್ಮೆ ಗುಂಡಿ ಒತ್ತಿದಳು. ಕಾರು ಏನೂ ಆಗಿಲ್ಲವೆಂಬಂತೆ ಗುರ್ರೆಂದು ಸ್ಟಾರ್ಟ್ ಆಯಿತು. ಖುಷಿಯಾಗಬೇಕಿತ್ತು. ಅವಳಿಗೆ ಇನ್ನಷ್ಟು ಭಯವಾಯಿತು.

ರಾತ್ರಿ ಊಟಕ್ಕೆ ಅನ್ನ, ಬೇಯಿಸಿದ ಬೀನ್ಸು. ಗಂಡ ತಟ್ಟೆಯ ಮುಂದೆ ಕೂತ ತಕ್ಷಣ ಸೊಸೆ ಶುರುಮಾಡಿದಳು.

"ನೀವು ಹಾಕ್ಸಿದ ಆ ಎರಡನೇ ಬೀಗದ್ದೇ ಕಿತಾಪತಿ. ಅದು ಬರೋಕೆ ಮುಂಚೆ ಒಂದು ದಿನಾನೂ ಹೀಗಾಗಿರ್ಲಿಲ್ಲ."

ಗಂಡನದು ಬೀಗದಂಗಡಿ. ಬೀಗ ಮಾರುವವರಿಗೆ ಲೋಕವೆಲ್ಲ ಕಳ್ಳರೇ ಕಾಣುತ್ತಾರೆ, ಅದು ಅವರ ತಪ್ಪಲ್ಲ, ಹೊಟ್ಟೆಪಾಡು ಹಾಗೆ. ಇದೇ ಬೀದಿಯ ಟ್ಯಾಕ್ಸಿಯವನ ಕಾರು ಹಾಡಹಗಲಲ್ಲಿ, ಒಂದು ಗಾಜೂ ಒಡೆಯದೆ, ಅಂಗಳದಿಂದ ಮಾಯವಾಗಿತ್ತು. ಮಾರನೆಯ ದಿನವೇ ಇವನು ತನ್ನ ಕಾರಿಗೆ ಇನ್ನೊಂದು ಕಾವಲು ಹಾಕಿಸಿಕೊಂಡು ಬಂದ. ಅಂಗಿಗುಂಡಿಯಷ್ಟು ದೊಡ್ಡ ಬಿಲ್ಲೆ, ಕೀಗೊಂಚಲಿಗೆ ಸೇರಿಸಿದ್ದು. ಕಾರಿಗೆ ಕೀಯೂ ಕಾಣಬೇಕು, ಬಿಲ್ಲೆಯೂ ಕೇಳಬೇಕು. ಎರಡರಲ್ಲಿ ಒಂದು ತಪ್ಪಿದರೂ ಇಂಜಿನ್ ಏಳುವುದಿಲ್ಲ.

"ಬೀಗದಂಗಡಿಯವನ ಕಾರನ್ನೇ ಕದ್ರೆ ನಾನು ಪೇಟೇಲಿ ಮುಖ ಎತ್ಕೊಂಡು ತಿರುಗೋದು ಹೇಗೆ?" ಅಂದ ಗಂಡ.

"ಬೇಲಿಯೇ ಎದ್ದು ಹೊಲ ಮೇಯ್ದಂಗಾಯ್ತು," ಅಂದರು ಅತ್ತೆ, ಬೀನ್ಸು ಬಡಿಸುತ್ತ. "ಕಳ್ಳನಿಗೆ ಅಂತ ಹಾಕ್ಸಿದ್ದು ಮನೆಯೋರನ್ನೇ ತಡೀತಿದೆ."

"ಅಮ್ಮ, ನಿಂಗೆ ಗೊತ್ತಾಗಲ್ಲ, ಸುಮ್ನಿರು."

"ಹೌದಪ್ಪ, ನಂಗೇನು ಗೊತ್ತಾಗತ್ತೆ? ನಿನ್ನ ಹೆತ್ತಿದ್ದೂ ಗೊತ್ತಿಲ್ದೇ ಹೆತ್ತೆ."

ಸೊಸೆಯ ಮಗಳು ಕಿಸಕ್ಕೆಂದು ನಕ್ಕಳು. ಹೈಸ್ಕೂಲು ಓದುವ ಹುಡುಗಿ, ಬಾಯಿ ಒಂದು ಗಳಿಗೆ ಸುಮ್ಮನಿರುವುದಿಲ್ಲವಾದ್ದರಿಂದ ಮನೆಯಲ್ಲಿ ಗಿಣಿ ಅಂತಲೇ ಕರೆಯುತ್ತಿದ್ದರು. ಆ ರಾತ್ರಿ ನಕ್ಕವಳು ಅವಳೊಬ್ಬಳೇ.

ಆ ವಾರ ಮತ್ತೆ ಹಾಗೇ ಆಯಿತು. ಮುಂದಿನ ವಾರವೂ ಆಯಿತು. ಗಿಣಿಯನ್ನು ಸ್ಕೂಲಿಗೆ ಬಿಡಬೇಕೆಂದಾಗ ಒಮ್ಮೆ, ಲೈನಿಂಗ್ ಬಟ್ಟೆ ತರಲು ಹೊರಟಾಗ ಒಮ್ಮೆ. ಪ್ರತಿ ಸಲವೂ ಸ್ವಲ್ಪ ಹೊತ್ತು ಸತಾಯಿಸಿ ಆಮೇಲೆ ತಾನಾಗೇ ಸ್ಟಾರ್ಟ್ ಆಗುತ್ತಿತ್ತು. ಗಂಡ ಕೀಯ ಸೆಲ್ ಬದಲಾಯಿಸಿದ, ಬಿಲ್ಲೆಯ ಸೆಲ್ ಬದಲಾಯಿಸಿದ. ಮೊಬೈಲಿನ ಜೊತೆ ಕೀ ಇಡಬೇಡ ಅಂದ, ಇಡಲಿಲ್ಲ. ಹೊಲಿಗೆ ಕತ್ತರಿಯ ಜೊತೆ ಇಡಬೇಡ ಅಂದ, ಅದನ್ನೂ ಬಿಟ್ಟಳು. ಕಾರಿನ ದೊಡ್ಡ ಬ್ಯಾಟರಿಯೂ ಹೊಸದಾಯಿತು. ಕಾರು ಮಾತ್ರ ತನಗೆ ತೋಚಿದಾಗ ಹೊರಡುತ್ತಿತ್ತು.

ವಿಚಿತ್ರವೆಂದರೆ ಬೇರೆಲ್ಲೂ ಅದರ ಆಟ ಇರಲಿಲ್ಲ. ಪೇಟೆಯಲ್ಲಿ, ಲಾಡ್ಜಿನ ಮುಂದೆ, ಪೆಟ್ರೋಲ್ ಬಂಕಿನಲ್ಲಿ ಒಂದೇ ಒತ್ತಿಗೆ ಏಳುತ್ತಿತ್ತು. ಗ್ಯಾರೇಜಿನಲ್ಲಿ ಎರಡು ದಿನ ಬಿಟ್ಟು ಬಂದರೆ, ಮೆಕ್ಯಾನಿಕ್ಕು ಹಗಲೆಲ್ಲ ಒತ್ತಿ ಒತ್ತಿ ಬೆರಳು ನೋಯಿಸಿಕೊಂಡನಂತೆ, ಕಾರು ಒಮ್ಮೆಯೂ ಕೈಕೊಡಲಿಲ್ಲವಂತೆ.

"ಡಾಕ್ಟರ್ ಮುಂದೆ ಕೂತ್ರೆ ಹಲ್ಲುನೋವು ಮಾಯ ಆಗತ್ತಲ್ಲ, ಹಾಗೆ," ಎಂದು ಅವನೇ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದ. ಕಂಪ್ಯೂಟರ್ ಹಚ್ಚಿ ನೋಡಿದ್ದ, ವೈರೆಲ್ಲ ಎಳೆದು ನೋಡಿದ್ದ. ಮೊದಲ ಸಲ ಕೀಯದೇ ತಪ್ಪು ಅಂದಿದ್ದವನು ಈಗ ತಲೆ ಕೆರೆದುಕೊಳ್ಳುತ್ತಿದ್ದ. "ಅಣ್ಣಾ, ಕೀ, ಬಿಲ್ಲೆ ಎರಡೂ ಕಾರಿನ ಜೊತೆ ಗಾಳೀಲೇ ಮಾತಾಡೋದು. ಪಿಸುಮಾತು. ಅದೇ ಹೊತ್ತಿಗೆ ಪಕ್ಕದಲ್ಲಿ ಇನ್ಯಾವ್ದೋ ವಸ್ತು ಗಟ್ಟಿಯಾಗಿ ಕಿರುಚ್ತಿದ್ರೆ ಕಾರಿಗೆ ಕೇಳ್ಸಲ್ಲ. ನಿಮ್ಮನೆ ಹತ್ರ ಅಂಥದ್ದೇನೋ ಇದೆ."

"ಕಳ್ಳರು!" ಅಂದ ಗಂಡ. ಅವನ ಮುಖ ಬಿಳಿಚಿತು. "ಯಂತ್ರ ಇಟ್ಕೊಂಡು ಯಾರೋ ಹೊಂಚು ಹಾಕ್ತಿದಾರೆ. ನಾನು ಹೇಳ್ಲಿಲ್ವಾ?"

"ಕಳ್ಳರೇ ಅಂತಲ್ಲ. ಗೇಟಿನ ರಿಮೋಟು ಇರಬಹುದು, ಆಟದ ಸಾಮಾನು ಇರಬಹುದು..."

ಗಂಡ ಆಗಲೇ ಕಾಂಪೌಂಡಿನ ಆಚೆ ಇಣುಕುತ್ತಿದ್ದ. ಮೆಕ್ಯಾನಿಕ್ಕು ಸೊಸೆಯ ಕಡೆ ತಿರುಗಿ ಹೇಳಿದ: "ಅಕ್ಕಾ, ಕಾರಿನ ಸ್ವಂತ ಕೀಗೆ ಒಂದು ಉಪಾಯ ಇದೆ. ಕೀಯನ್ನ ಈ ಗುಂಡಿಗೇ ತಾಗಿಸಿ ಒತ್ತಿದ್ರೆ, ಎಷ್ಟೇ ಗಲಾಟೆ ಇದ್ರೂ ಕಾರಿಗೆ ಅದು ಸಿಗತ್ತೆ. ಆದ್ರೆ ಆ ಬಿಲ್ಲೆಗೆ ಅಂಥ ಉಪಾಯ ಇಲ್ಲ. ಅದನ್ನ ತೆಗ್ಸಿಬಿಡಿ, ನಿಮ್ಮ ಭಯ ಹೋಗತ್ತೆ."

"ತೆಗ್ಸಲ್ಲ," ಅಂದ ಗಂಡ ಅಲ್ಲಿಂದಲೇ.

ಮೆಕ್ಯಾನಿಕ್ಕು ಹೋದ ಮೇಲೆ ಅಡುಗೆಮನೆಯಲ್ಲಿ ದೊಡ್ಡ ಜಗಳವಾಯಿತು. ಸೊಸೆ ಆಲೂಗಡ್ಡೆ ಸುಲಿಯುತ್ತಿದ್ದಳು, ಸಿಪ್ಪೆಯ ಜೊತೆ ಅರ್ಧ ಆಲೂಗಡ್ಡೆಯೇ ಹೋಗುತ್ತಿತ್ತು.

"ನಿಮಗೆ ಕಾರು ಹೋಗತ್ತೆ ಅಂತ ಭಯ. ನಂಗೆ ಕಾರು ಹೋಗಲ್ಲ ಅಂತ ಭಯ," ಅಂದಳು. "ಮಾವಂಗೆ ಮತ್ತೆ ಎದೆನೋವು ಬಂದ ದಿನ ನೀವು ಅಂಗಡೀಲಿರ್ತೀರ. ಸ್ಟೇರಿಂಗ್ ಹಿಡ್ಕೊಂಡು ಕೂತಿರೋಳು ನಾನು. ಕೀ ಸಿಗುತ್ತಿಲ್ಲ, ಕೀ ಸಿಗುತ್ತಿಲ್ಲ ಅಂತ ಓದ್ತಾ ಕೂತ್ಕೊಳ್ಲಾ?"

"ಕಾರೇ ಕಳುವಾದ್ರೆ ಏನ್ಮಾಡ್ತೀಯ? ಬೆನ್ನ ಮೇಲೆ ಹೊತ್ಕೊಂಡು ಹೋಗ್ತೀಯಾ?"

"ಹೊರ್ತೀನಿ! ನಿಮ್ಮ ಬಿಲ್ಲೆಗಿಂತ ಅದೇ ವಾಸಿ!"

"ಮೆಲ್ಲಗೆ ಮಾತಾಡ್ರೋ," ಅಂದರು ಅತ್ತೆ. "ಅವರಿಗೆ ಕೇಳಿಸೀತು."

"ತಾತಂಗೆ ಪಕ್ಕದಲ್ಲಿ ಗುಡುಗಿದ್ರೂ ಕೇಳ್ಸಲ್ಲ ಅಜ್ಜಿ," ಅಂದಳು ಗಿಣಿ. "ಅಲ್ದೆ ತಾತ ಈಗ ಎಷ್ಟು ಒಳ್ಳೆಯವರಾಗಿದಾರೆ ನೋಡಿ. ಮುಂಚೆ ಹಾಗೆ ಬೆಲ್ ಹೊಡೆದು ಪ್ರಾಣ ತಿನ್ನೋದೇ ಬಿಟ್ಬಿಟ್ಟಿದಾರೆ."

ಅದು ನಿಜ. ಆಸ್ಪತ್ರೆಯಿಂದ ಬಂದ ಹೊಸತರಲ್ಲಿ ಮಾವನ ಕೊರಳಿಗೆ ಒಂದು ಕರೆಗಂಟೆಯ ಗುಂಡಿ ಕಟ್ಟಿದ್ದರು. ಅದಕ್ಕೂ ವೈರಿಲ್ಲ, ಅಲ್ಲಿ ಒತ್ತಿದರೆ ಅಡುಗೆಮನೆಯಲ್ಲಿ ಟಿಂಗ್‌ಟಾಂಗ್ ಎನ್ನುತ್ತಿತ್ತು. ಕಂಡಕ್ಟರಿಗೆ ಗಂಟೆ ಕೊಟ್ಟ ಮೇಲೆ ಕೇಳಬೇಕೇ? ಚಹಾ ಬೇಕು, ಟಿಂಗ್‌ಟಾಂಗ್. ಫ್ಯಾನು ಜೋರಾಯಿತು, ಟಿಂಗ್‌ಟಾಂಗ್. ಈಚೆಗೆ ಆ ಸದ್ದೇ ಇರಲಿಲ್ಲ. ಪಾಪ, ಹೊಂದಿಕೊಂಡಿದ್ದಾರೆ ಎಂದುಕೊಂಡಳು ಸೊಸೆ. ಅತ್ತೆ ಆಲೂಗಡ್ಡೆಯ ಸಿಪ್ಪೆ ಬಾಚಿಕೊಂಡು ಹಿತ್ತಲಿಗೆ ಹೋದರು.

ಆಮೇಲಿನ ದಿನಗಳಲ್ಲಿ ಭಯ ಅನ್ನುವುದು ಆ ಮನೆಯಲ್ಲಿ ಬಾಡಿಗೆ ಕೊಡದ ಬಿಡಾರದವನಂತೆ ಬಂದು ಕೂತಿತು. ಗಂಡ ಅಂಗಡಿಯಿಂದ ಬಂದವನು ಗೇಟಿಗೆ ಸರಪಳಿ ಸುತ್ತಿ, ಬೀದಿಯಲ್ಲಿ ನಿಂತವರ ಮುಖವನ್ನೆಲ್ಲ ದುರುಗುಟ್ಟಿ ನೋಡುತ್ತಿದ್ದ. ಪೇಪರ್ ಹಾಕುವವನೂ ಕಳ್ಳ, ಮೀಟರ್ ಓದಲು ಬಂದವನೂ ಕಳ್ಳ. ಸೊಸೆ ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮುಂಚೆ ಹೋಗಿ ಕಾರು ಸ್ಟಾರ್ಟ್ ಮಾಡಿ ನೋಡುತ್ತಿದ್ದಳು. ಮನೆಮಂದಿ ಮಲಗಿರುವ ಆ ಹೊತ್ತಿಗೆ ಅದು ಒಂದೇ ಒತ್ತಿಗೆ ಏಳುತ್ತಿತ್ತು. ಆಮೇಲೆ ಪರದೆ ಹೊತ್ತು, ಸೀರೆ ಉಟ್ಟು, ಬಾಗಿಲಲ್ಲಿ ನಿಂತು "ಹೋಗ್ಬರ್ತೀನಿ" ಎಂದು ಕೂಗಿ ಹೋಗಿ ಕೂತರೆ, ಆಗ ನೋಡಿ, ‘ಕೀ ಸಿಗುತ್ತಿಲ್ಲ.’ ಹೊಲಿಗೆ ಯಂತ್ರದ ಮುಂದೆ ಕೂತಾಗಲೂ ಅವಳ ಕಿವಿ ಮಾವನ ಕೋಣೆಯ ಕಡೆಗೇ ಇರುತ್ತಿತ್ತು. ಅವರು ಕೆಮ್ಮಿದರೆ ಸೂಜಿ ಅಡ್ಡ ಹೋಗುತ್ತಿತ್ತು.

ಕೊನೆಗೆ ಅವಳು ಅತ್ತುಬಿಟ್ಟಳು. ಬೆಳಗಿನ ಬ್ರೆಡ್ಡು ತಿನ್ನುತ್ತಿದ್ದ ಗಂಡ ಅದನ್ನು ನೋಡಿ ತಟ್ಟೆ ಸರಿಸಿದ.

"ಆಯ್ತು ಮಾರಾಯ್ತಿ. ಭಾನುವಾರ ಆ ಬಿಲ್ಲೆ ಕೀಳಿಸ್ತೀನಿ. ಕದ್ಕೊಂಡು ಹೋಗ್ಲಿ ಬಿಡು, ಹಾಳಾಗ್ಲಿ."

ಎದೆನೋವು ಶುಕ್ರವಾರವೇ ಬಂತು.

ಮಧ್ಯಾಹ್ನ. ಗಿಣಿ ಸ್ಕೂಲಿನಲ್ಲಿದ್ದಳು, ಬೀದಿಯವರೆಲ್ಲ ಕೆಲಸಕ್ಕೆ ಹೋದ ಹೊತ್ತು. ಅತ್ತೆ ಗಂಜಿಯ ಬಟ್ಟಲು ಹಿಡಿದು ಕೋಣೆಗೆ ಹೋದರು. ಬಟ್ಟಲು ಬಿದ್ದ ಸದ್ದಿಗೆ ಸೊಸೆ ಓಡಿದಳು. ಮಾವ ಮಂಚದ ಅಂಚಿನಲ್ಲಿ ಬಾಗಿ ಕೂತಿದ್ದರು, ಬಲಗೈ ಮುಷ್ಟಿ ಎದೆಗೆ ಒತ್ತಿಕೊಂಡಿತ್ತು. ಮುಖದ ತುಂಬ ಬೆವರು. ಅವರ ತುಟಿಯ ಬಣ್ಣ ನೋಡಿದ್ದೇ ಅವಳಿಗೆ ಕಳೆದ ಚಳಿಗಾಲ ಕಣ್ಣಮುಂದೆ ಬಂತು.

"ಅತ್ತೆ, ಆ ಕಡೆ ಹಿಡ್ಕೊಳಿ. ಎತ್ತಿ."

ಹೇಗೆ ಎತ್ತಿದರೋ, ಹೇಗೆ ಮೆಟ್ಟಿಲಿಳಿಸಿದರೋ, ಇಬ್ಬರಿಗೂ ಆಮೇಲೆ ನೆನಪಿರಲಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿಸಿದರು. ಸೊಸೆ ಮುಂದೆ ಕೂತಳು. ಬ್ರೇಕ್ ತುಳಿದಳು. ಗುಂಡಿ ಒತ್ತಿದಳು.

‘ಕೀ ಸಿಗುತ್ತಿಲ್ಲ.’

ಮತ್ತೆ ಒತ್ತಿದಳು. ಕೀಯನ್ನು ಗುಂಡಿಗೇ ತಾಗಿಸಿ ಒತ್ತಿದಳು. ಹಳದಿ ಅಕ್ಷರ ಅಳಿಸಿಹೋಯಿತು, ಕೀ ಸಿಕ್ಕಿತು. ಆದರೆ ಬಿಲ್ಲೆಯ ಕೆಂಪು ದೀಪ ಪಿಳಿಪಿಳಿ ಎನ್ನುತ್ತಲೇ ಇತ್ತು, ಇಂಜಿನ್ ಏಳಲಿಲ್ಲ.

"ಏನಾಯ್ತೇ?" ಅಂದರು ಅತ್ತೆ.

"ಅತ್ತೆ, ಆಂಬುಲೆನ್ಸಿಗೆ ಫೋನ್ ಮಾಡಿ. ಮಾಡಿ ಅತ್ತೆ, ಬೇಗ!"

ಅತ್ತೆ ಫೋನ್ ಒತ್ತಿದರು. "ಕಳಿಸ್ತಾರಂತೆ... ದಾರೀಲಿದೆಯಂತೆ..." ಅದೇ ಮಾತು. ಗೇಟಿನಾಚೆ ಬೀದಿ ಖಾಲಿ ಹೊಡೆಯುತ್ತಿತ್ತು. ಕೂಗಿದಳು, ಯಾರೂ ಇರಲಿಲ್ಲ. ಹಾರ್ನ್ ಒತ್ತಿದಳು, ಒತ್ತಿ ಹಿಡಿದಳು, ಎದುರುಮನೆಯ ಬೆಕ್ಕು ಎದ್ದು ಹೋಯಿತು, ಅಷ್ಟೆ. ದೇವರೇ, ಈ ಮನುಷ್ಯ ನನ್ನ ಕಾರಿನಲ್ಲಿ, ನನ್ನ ಬೆನ್ನ ಹಿಂದೆ ಸಾಯುತ್ತಾರೆ, ಆಸ್ಪತ್ರೆ ನಾಲ್ಕು ತಿರುವಿನಾಚೆ ಇದೆ, ನಾನಿಲ್ಲಿ ಗುಂಡಿ ಒತ್ತುತ್ತ ಕೂತಿದ್ದೇನೆ.

ಹಿಂದೆ ತಿರುಗಿ ನೋಡಿದಳು. ಮಾವನ ಕಣ್ಣು ಅರ್ಧ ಮುಚ್ಚಿತ್ತು. ಮುಷ್ಟಿ ಮಾತ್ರ ಎದೆಯ ಮೇಲೆ ಇದ್ದ ಹಾಗೇ ಬಿಗಿದಿತ್ತು, ಗೆಣ್ಣುಗಳು ಬೆಳ್ಳಗಾಗಿದ್ದವು. ನೋವಿಗೆ ಎದೆ ಹಿಡಿದುಕೊಂಡಿದ್ದಾರೆ ಎಂದೇ ಅವಳು ತಿಳಿದಿದ್ದಳು. ಈಗ ಬೆರಳ ಸಂದಿಯಲ್ಲಿ ಸಣ್ಣದೊಂದು ಕೆಂಪು ಬೆಳಕು ಕಂಡಿತು.

ಕರೆಗಂಟೆ. ಗಂಟೆಯ ಗುಂಡಿಯನ್ನು ಬಿಡದೆ ಒತ್ತಿ ಹಿಡಿದಿದ್ದಾರೆ.

ಪಕ್ಕದಲ್ಲಿ ಏನೋ ಕಿರುಚ್ತಿದ್ರೆ ಕಾರಿಗೆ ಕೇಳ್ಸಲ್ಲ, ಅಂದಿದ್ದನಲ್ಲ ಆ ಮೆಕ್ಯಾನಿಕ್ಕು!

ಸೀಟಿನ ಮೇಲೆ ಹತ್ತಿ ಹಿಂದಕ್ಕೆ ಬಗ್ಗಿ ಅವರ ಮುಷ್ಟಿಗೆ ಕೈ ಹಾಕಿದಳು. "ಮಾವ, ಬಿಡಿ. ಗಂಟೆ ಬಿಡಿ!"

ಮಾವ ತಲೆಯಾಡಿಸಿದರು. ಬೆರಳು ಇನ್ನೂ ಬಿಗಿಯಾಯಿತು. ಮುಳುಗುವವನು ಸಿಕ್ಕಿದ್ದನ್ನು ಬಿಡುತ್ತಾನೆಯೇ? ಇಷ್ಟು ನೋವಿನಲ್ಲೂ ಆ ಕೈಗೆ ಎಲ್ಲಿತ್ತೋ ಅಷ್ಟು ಬಲ.

"ಯಾರಾದ್ರೂ... ಬರ್ತಾರೆ," ಅಂದರು.

"ನಾವು ಬಂದಿದೀವಿ ಮಾವ! ಇಲ್ಲೇ ಇದೀವಿ! ಅತ್ತೆ, ಹೇಳಿ ಅವರಿಗೆ, ಕೈ ಬಿಡ್ಸಿ!"

ಅತ್ತೆ ಅವರ ಕಿವಿಯ ಹತ್ತಿರ ಬಾಯಿಟ್ಟರು. "ನಾನಿದೀನಿ ಕಣ್ರೀ. ನೋಡಿ, ನಾನೇ. ಬಂದೆ. ಬಿಡ್ರೀ, ನನ್ನ ಕೈ ಹಿಡ್ಕೊಳ್ರೀ." ಹೇಳುತ್ತಲೇ ಒಂದೊಂದಾಗಿ ಬೆರಳು ಬಿಡಿಸಿ, ಆ ಜಾಗದಲ್ಲಿ ತಮ್ಮ ಕೈ ತೂರಿಸಿದರು. ಸೊಸೆ ದಾರ ಸಮೇತ ಗಂಟೆ ಕಿತ್ತು ಕಿಟಕಿಯಿಂದ ಹೊರಗೆ ಎಸೆದಳು. ಗುಂಡಿ ಒತ್ತಿದಳು.

ಕಾರು ಎದ್ದಿತು. ಗೇಟಿನ ಒಂದು ರೆಕ್ಕೆ ಮುರಿದುಕೊಂಡೇ ಹೊರಗೆ ಬಂತು.

ಮಾವ ಉಳಿದರು. "ಇನ್ನೊಂಚೂರು ತಡ ಆಗಿದ್ರೆ..." ಎಂದು ಡಾಕ್ಟರು ಶುರುಮಾಡಿದ್ದನ್ನು ಕೇಳಲಾರದೆ ಸೊಸೆ ಕಾರಿಡಾರಿನ ಕೊನೆಗೆ ಹೋಗಿ ಗೋಡೆಗೆ ಒರಗಿ ನಿಂತಳು. ಅತ್ತೆ ಹಿಂದೆಯೇ ಬಂದರು.

"ತಪ್ಪು ನಂದು ಕಣೇ," ಅಂದರು.

"ನಿಮ್ದೇನತ್ತೆ ತಪ್ಪು?"

"ಗಂಟೆ ಬಡಿಯೋ ಡಬ್ಬೀನ ಅಡುಗೆಮನೆ ಪ್ಲಗ್ಗಿಂದ ಕಿತ್ತು ಡ್ರಾಯರಿಗೆ ಹಾಕಿದ್ದೆ. ಎಷ್ಟೋ ದಿನ ಆಯ್ತು. ಚಹಾಗೆ ಗಂಟೆ, ಪೇಪರಿಗೆ ಗಂಟೆ, ನೊಣ ಬಂತು ಅಂತ ಗಂಟೆ. ತಲೆ ಕೆಟ್ಟು ಹೋಗಿತ್ತು. ನಾನು ಮನೇಲೇ ಇರ್ತೀನಲ್ಲ, ಕೂಗಿದ್ರೆ ಕೇಳ್ಸತ್ತೆ ಅಂದ್ಕೊಂಡೆ. ಅವರಿಗೆ ಹೇಗೂ ಕಿವಿ ಕೇಳ್ಸಲ್ಲ, ಬಡೀತೋ ಇಲ್ವೋ ಗೊತ್ತಾಗಲ್ಲ ಅಂದ್ಕೊಂಡೆ." ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಇವತ್ತು ಎಷ್ಟು ಹೊತ್ತಿಂದ ಒತ್ತಿದ್ರೋ ಏನೋ. ನಾನು ಗಂಜಿಗೆ ಉಪ್ಪು ಹಾಕ್ತಿದ್ದೆ."

ಸೊಸೆಗೆ ಬೈಯಬೇಕೆನಿಸಿತು. ಆದರೆ ಗಂಟೆಯ ಸದ್ದು ನಿಂತಿತಲ್ಲ, ಪುಣ್ಯ ಎಂದು ಅವಳೂ ಅಂದುಕೊಂಡಿದ್ದಳು.

ಮೆಕ್ಯಾನಿಕ್ಕನ್ನು ಕರೆಸಿ ಆಸ್ಪತ್ರೆಯ ಅಂಗಳದಲ್ಲೇ ಗಂಡ ಆ ಎರಡನೇ ಬೀಗ ಕೀಳಿಸಿದ. ಆದರೆ ವಿಷಯವೆಲ್ಲ ತಿಳಿದ ಮೇಲೆ ಒಂದು ಅನುಮಾನ ಅವನ ತಲೆಯಲ್ಲಿ ಕೊರೆಯುತ್ತಿತ್ತು. ಎದೆನೋವು ಬಂದ ದಿನ ಒತ್ತಿದ್ದು ಸರಿ. ಮತ್ತೆ ಉಳಿದ ದಿನಗಳಲ್ಲಿ? ಗಿಣಿ ಸ್ಕೂಲಿಗೆ ಹೊರಟಾಗ, ಇವಳು ಪರದೆ ಕೊಡಲು ಹೊರಟಾಗ?

ಮಾವನನ್ನು ವಾರ್ಡಿಗೆ ತಂದ ಮೇಲೆ, ಮಂಚದ ಸುತ್ತ ಎಲ್ಲರೂ ನಿಂತಿದ್ದಾಗ ಅವನು ಕೇಳಿಯೇ ಬಿಟ್ಟ.

"ಅಪ್ಪಾ, ಕಾರು ಹೊರಟಾಗೆಲ್ಲ ಬೇಕಂತಲೇ ಗಂಟೆ ಒತ್ತಿದ್ರಾ?"

"ಈಗ್ಯಾಕ್ರೀ ಅದು?" ಅಂದಳು ಸೊಸೆ.

ಮಾವ ಮಗನ ಬಾಯಿಯನ್ನೇ ನೋಡುತ್ತಿದ್ದರು. ಕೇಳಿಸಿತ್ತು.

"ಮೊದ್ಲು ಬೇಕಂತ ಅಲ್ಲ," ಅಂದರು. ದನಿ ಬಾವಿಯ ತಳದಿಂದ ಬಂದ ಹಾಗಿತ್ತು. "ಅವಳು ಹೋಗ್ಬರ್ತೀನಿ ಅಂತ ಕೂಗೋಳು. ಕಾರು ಹೋದ್ಮೇಲೆ ಏನಾದ್ರೂ ಆದ್ರೆ ಅಂತ ಎದೆ ಹೊಡ್ಕೊಳ್ಳೋದು. ಯಾರಾದ್ರೂ ಬಂದು ಪಕ್ಕ ಕೂತ್ಕೊಳ್ಲಿ ಅಂತ ಒತ್ತಿದೆ."

"ಆಮೇಲೆ?"

"ಯಾರೂ ಬರ್ಲಿಲ್ಲ. ಇನ್ನೂ ಒತ್ತಿದೆ." ಅವರು ಉಸಿರಿಗೆ ನಿಂತರು. ಕಣ್ಣಂಚಿನಿಂದ ನೀರು ಕಿವಿಯ ಕಡೆ ಇಳಿಯಿತು. "ಆ ಮನೇಲಿ ನಾನು ಕರೆದ್ರೆ ನಿಲ್ತಿದ್ದದ್ದು ಆ ಕಾರೊಂದೇ ಕಣೋ."

ಅತ್ತೆ ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದು ತಂದು ಮಂಚಕ್ಕೆ ತಾಗಿಸಿ ಹಾಕಿಕೊಂಡು, ಅದರ ಮೇಲೆ ಕೂತರು.